ಯಾರು ಮುಟ್ಟಿದ್ದು?

ನಮ್ಮೂರ ಡೈರಿಯ ಕಂಪ್ಯೂಟರ್ ಕೆಟ್ಟಾಗಲೆಲ್ಲ ಮದ್ದೂರಿನಿಂದ ಒಬ್ಬರೇ ಇಂಜಿನಿಯರ್ ಬರುತ್ತಿದ್ದರು. ಹಾಲಿನ ಲೆಕ್ಕದ ಪ್ರೋಗ್ರಾಮ್ ಬರೆದವರೂ ಅವರೇ. ಹೆಲ್ಮೆಟ್ಟನ್ನು ಕಿಟಕಿಯಲ್ಲಿಟ್ಟು, ಕೀಬೋರ್ಡನ್ನು ಬೋರಲು ಹಾಕಿ ತಟ್ಟಿ, ಯಾವಾಗಲೂ ಒಂದೇ ಮಾತು ಕೇಳುತ್ತಿದ್ದರು: "ಮೊದ್ಲು ಹೇಳಿ, ಯಾರು ಮುಟ್ಟಿದ್ದು?"

ಡೇಟಾಬೇಸ್ ಸಾಫ್ಟ್‌ವೇರಿನ ಹೊಸ ಆವೃತ್ತಿಯನ್ನು ಅವರು ಹಾಕಿ ಹೋದ ಮಾರನೆಯ ಬೆಳಿಗ್ಗೆ ಪ್ರೋಗ್ರಾಮ್ ತೆರೆಯಲಿಲ್ಲ. ಕೋಡ್ ಕಂಪೈಲ್ ಆಗುತ್ತಿಲ್ಲ, ಅಂದರೆ ಬರೆದದ್ದು ಓಡುವ ಪ್ರೋಗ್ರಾಮ್ ಆಗುತ್ತಿಲ್ಲ, ಎಂದು ಪರದೆಯ ಮೇಲೆ ಬರುತ್ತಿತ್ತು. ಕ್ಯಾನು ಹಿಡಿದು ನಾವೆಲ್ಲ ಸಾಲಿನಲ್ಲಿ ನಿಂತಿದ್ದೆವು. ಇಂಜಿನಿಯರ್ ಬಂದು ಅದೇ ಮಾತು ಕೇಳಿದರು. ನಾವು ಕಂಪ್ಯೂಟರಿನ ಮುಂದೆ ಕೂತು ಹಾಲಿನ ಲೆಕ್ಕದ ಚೀಟಿ ಕೊಡುವ ಹೆಂಗಸಿನ ಕಡೆ ನೋಡಿದೆವು.

"ನಾನೇನೂ ಮುಟ್ನಿಲ್ಲ ಸಾ," ಎಂದರು ಆಕೆ.

"ನೀನಲ್ದೆ ಇನ್ನೇನ್ ನಮ್ಮೆಮ್ಮೆ ಮುಟ್ತಾ?" ಎಂದ ಒಬ್ಬ. ನಾವು ನಕ್ಕೆವು. ಆಕೆ ಎದ್ದು ಮನೆಗೆ ಹೋದರು.

ಆಮೇಲೆ ಇಂಜಿನಿಯರ್ ಅದೇನೋ ಸರಿಮಾಡಿದರು, ಚೀಟಿ ಬಂತು. ಅವರ ಕಿವಿ ಕೆಂಪಾಗಿತ್ತು.

ಮಧ್ಯಾಹ್ನ ಆಕೆಯ ಬಾಗಿಲಲ್ಲಿ ಅವರು ನಿಂತಿದ್ದರು. ಪಕ್ಕದ ಮನೆಯವನಾದ ನನಗೆ ಎಲ್ಲ ಕೇಳಿಸಿತು.

"ತಪ್ಪು ನಂದು ಕಣಮ್ಮ. ಹೊಸದು ಹಾಕ್ವಾಗ ಪ್ರೋಗ್ರಾಮಿಗೆ ಬೇಕಾದ ಹಳೇ ಲೈಬ್ರರಿ ಫೈಲ್ ಜೋಡ್ಸೋದ್ನ ನಾನೇ ಮರ್ತಿದ್ದೆ."

"ಇಲ್ಯಾಕ್ ಯೋಳ್ತೀರಿ ಸಾ? ಕೇಳಿದ್ದು ಎಲ್ರ ಮುಂದೆ ಅಲ್ವಾ?"

ಸಂಜೆ ಹಾಲಿನ ಹೊತ್ತಿಗೆ ಆಕೆ ತನ್ನ ಜಾಗದಲ್ಲಿದ್ದರು; ಇಂಜಿನಿಯರೂ ಮತ್ತೆ ಬಂದರು. ಹೆಲ್ಮೆಟ್ಟನ್ನು ಕೈಯಲ್ಲೇ ಹಿಡಿದು ಸಾಲಿನ ಎದುರು ನಿಂತರು.

"ಮುಟ್ಟಿದ್ದು ನಾನೇ ಕಣ್ರಪ್ಪ. ಈಯಮ್ಮ ಅಲ್ಲ."

ಎಮ್ಮೆಯ ಮಾತಾಡಿದ್ದವನು ಕ್ಯಾನಿನ ಮುಚ್ಚಳವನ್ನು ತೆಗೆಯುತ್ತಾ ಹಾಕುತ್ತಾ ಇದ್ದ.

"ಮುಂದ್ಕೆ ಬನ್ನಿ, ಆಲು ಒಡ್ದೋಯ್ತದೆ," ಎಂದರು ಆಕೆ, ಚೀಟಿ ಹರಿಯುತ್ತಾ.

ಮುಂದಿದ್ದವನು ನಾನು. ಬೆಳಿಗ್ಗೆ ನಕ್ಕವರಲ್ಲಿ ನಾನೂ ಇದ್ದೆ; ಹಿಂದಿದ್ದವನನ್ನು ಮುಂದೆ ಬಿಟ್ಟೆ.