ಪದ್ಮನ ಮನೆಗೆ ಬರೋ ಪೊಲೀಸರು

ಹತ್ತಿರ ಬನ್ನಿ, ಮೆಲ್ಲಗೆ ಹೇಳ್ತೀನಿ. ನಾನು ಹೇಳಿದೆ ಅಂತ ಮಾತ್ರ ಎಲ್ಲೂ ಬಾಯಿ ಬಿಡಬೇಡಿ.

ಈ ಪರದೇಶದ ರೆಕ್ಸ್‌ಡೇಲಲ್ಲಿ ನಮ್ಮ ಪಕ್ಕದ ಮನೆ ಪದ್ಮ. ಇಲ್ಲೇ ಪೊಲೀಸಲ್ಲಿದ್ದ ಅವಳ ಗಂಡ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಪ್ರತಿ ಶನಿವಾರ ಅವಳ ಮನೆಗೆ ಒಬ್ಬ ಪೊಲೀಸು! ಒಂದು ವಾರ ಕೆಂಪು ಮೀಸೆಯವನು, ಇನ್ನೊಂದು ವಾರ ಸರ್ದಾರ್ಜಿ. ಶೂ ಬಿಚ್ಚಿಟ್ಟು ಒಳಗೆ ಹೋದರೆ ಎರಡು ಗಂಟೆ ಆಚೆ ಬರೋ ಮಾತಿಲ್ಲ. ಭಜನೆಯಲ್ಲಿ ನಾಲ್ಕು ಜನರ ಕಿವಿಗೆ ಹಾಕಿದೆ. ಅವರು ಪದ್ಮನ್ನ ಭಜನೆಗೆ ಕರೆಯೋದನ್ನೇ ಬಿಟ್ಟರು.

ನಾನು ಹೋಳಿಗೆ ಆರ್ಡರು ಮಾಡಿಕೊಡ್ತೀನಲ್ಲ, ಒಂದು ಸಲ ಪೊಲೀಸರ ಸಂಘದ ಊಟಕ್ಕೆ ನೂರು ಹೋಳಿಗೆ ಹೇಳಿದರು. ಹೊತ್ತುಕೊಂಡು ಅವರ ಊಟದ ಹಾಲ್‌ಗೆ ಹೋದರೆ ಬಡಿಸೋ ಜಾಗದಲ್ಲಿ ಪದ್ಮ, ಪಕ್ಕದಲ್ಲಿ ಅದೇ ಸರ್ದಾರ್ಜಿ! ತಡೆಯೋಕಾಗಲಿಲ್ಲ. ನನ್ನ ಹರಕು ಹಿಂದಿಯಲ್ಲಿ, "ಇವಳು ನಿಮಗೇನಾಗಬೇಕು?" ಅಂತ ಅವನನ್ನೇ ಕೇಳಿಬಿಟ್ಟೆ.

"ಭಾಭಿ" ಅಂದ. ಅತ್ತಿಗೆಯಂತೆ! ಸಂಘದವನೊಬ್ಬ ಸತ್ತರೆ ಉಳಿದವರು ಸರದಿಯ ಮೇಲೆ ಅವನ ಮನೆ ನೋಡಿಕೊಳ್ತಾರಂತೆ. ಹೋದ ವಾರ ಇವನು ಬೇಸ್‌ಮೆಂಟಿನ ಪೈಪು ರಿಪೇರಿ ಮಾಡಿದ್ದನಂತೆ.

ನನಗೆ ಬಾಯಲ್ಲಿ ಇಡೀ ಹೋಳಿಗೆ ತುರುಕಿದ ಹಾಗಾಯ್ತು. "ಅಯ್ಯೋ ಪದ್ಮ, ನನಗೇನು ಗೊತ್ತು ಕಣೇ? ಒಂಟಿ ಹೆಣ್ಣು ಅಂತ ಕಾಳಜಿಯಿಂದ ನಿನ್ನ ಬಾಗಿಲು ನೋಡ್ತಿದ್ದೆ" ಅಂದೆ.

ಅವಳು ಕೂಗಾಡಲಿಲ್ಲ. ನನ್ನ ಮುಖಕ್ಕೇ ನಕ್ಕು ಹೇಳಿದಳು: "ಬರೋ ಶನಿವಾರ ಭಜನೆ ನಮ್ಮನೇಲಿ ಇಟ್ಟುಕೊಂಡಿದ್ದೀನಿ. ಎಲ್ಲರಿಗೂ ನೀವೇ ಹೇಳಿಬಿಡಿ ಅಕ್ಕ. ನಿಮ್ಮಷ್ಟು ಬೇಗ ಫೋನೂ ಸುದ್ದಿ ಮುಟ್ಟಿಸೋದಿಲ್ಲ."