ಎಂಟಡಿ ಸಮುದ್ರ, ಅತ್ತೆಯ ಕೈಗುಣ

ಪೀಣ್ಯದಲ್ಲಿದ್ದ, ಲೋಹ ಕಡೆಯುವ ತಮ್ಮ ಲೇತ್ ಶಾಪ್ ಮುಚ್ಚಿದ ಮೇಲೆ ನಮ್ಮ ಮನೆಯವರು ಸ್ವಲ್ಪ ದಿನ ಸುಮ್ಮನೆ ಕೂತರು. ಕೂತರು ಅನ್ನುವುದು ನನ್ನ ಔದಾರ್ಯ. ಚೆನ್ನಾಗಿದ್ದ ನಲ್ಲಿ ಬಿಚ್ಚಿ ಸೋರುವ ಹಾಗೆ ಮಾಡಿದರು. ನನ್ನ ಕುಕ್ಕರಿನ ಹಿಡಿ ಎಷ್ಟು ಬಿಗಿ ಮಾಡಿದರೆಂದರೆ ಮುಚ್ಚಳ ತೆಗೆಯಲು ಅವರನ್ನೇ ಕರೆಯಬೇಕಾಯಿತು. ಮೇಲಿನ ಮಹಡಿಯ ಬಾಡಿಗೆಯವರ ಬಾಗಿಲಿಗೆ ಅವರು ಕೇಳದೆಯೇ ಎಣ್ಣೆ ಬಿಟ್ಟು ಬಂದರು. ಆಮೇಲೆ ಒಂದು ಬೆಳಗ್ಗೆ ಹಾಲ್‌ನಲ್ಲಿ ಸೋಫಾ ಸರಿಸಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಎಂಟಡಿ ಉದ್ದದ ಚೌಕ ಎಳೆದು, "ಇಲ್ಲಿ ಸಮುದ್ರ ಬರುತ್ತೆ" ಅಂದರು.

"ಯಾವ ಕಡೆಯಿಂದ ಬರುತ್ತಂತೆ?" ಅಂದೆ.

ತಮಾಷೆ ಅಲ್ಲವಂತೆ. ಮಾರತ್ತಹಳ್ಳಿಯ ಒಂದು ಹೋಟೆಲಿಗೆ ತಂಗಿಯ ಮಗನಿಗೆ ಹುಡುಗಿ ನೋಡಲು ಹೋಗಿದ್ದವರು, ಹುಡುಗಿಯನ್ನು ಬಿಟ್ಟು ಅಲ್ಲಿದ್ದ ಉಪ್ಪುನೀರಿನ ಮೀನಿನ ತೊಟ್ಟಿಯನ್ನು ನೋಡಿಕೊಂಡು ಬಂದಿದ್ದರು. ಹಳದಿ ಮೀನಂತೆ, ನೀಲಿ ಮೀನಂತೆ, ಕೈಬೆರಳಿನ ಹಾಗೆ ಅಲ್ಲಾಡುವ ಹವಳವಂತೆ. ಹುಡುಗಿ ಹೇಗಿದ್ದಳು ಅಂತ ನಾನು ಮೂರು ಸಲ ಕೇಳಿದೆ. ಮೂರು ಸಲವೂ ಮೀನಿನ ಬಣ್ಣ ಹೇಳಿದರು. ಆದರೆ ಶಾಪ್ ಮುಚ್ಚಿದ ಮೇಲೆ ಅವರ ಮುಖದಲ್ಲಿ ಅಂಥ ಕಳೆ ನಾನು ಅದೇ ಮೊದಲು ನೋಡಿದ್ದು. ಹಾಗಾಗಿ ಬಾಯಿ ಮುಚ್ಚಿಕೊಂಡೆ.

ತೊಟ್ಟಿ ಬರುವ ಮೊದಲೇ ನಾವೆಲ್ಲ ಆ ಚೌಕವನ್ನು ಸುತ್ತಿ ಓಡಾಡಲು ಶುರು ಮಾಡಿದ್ದೆವು. ಅಪ್ಪಿತಪ್ಪಿ ಕಾಲಿಟ್ಟರೆ, "ಏಯ್, ನೀರಲ್ಲಿ ನಿಂತಿದ್ದೀಯ" ಅಂತ ಕೂಗುತ್ತಿದ್ದರು. ನೀರು ಅಂದರೆ ಭಾರ, ಸುಮ್ಮನೆ ಟೈಲ್ಸ್ ಮೇಲೆ ಇಟ್ಟರೆ ಆಗುವುದಿಲ್ಲ ಅಂತ ಟೈಲ್ಸ್ ಒಡೆಸಿ, ಯಂತ್ರ ಕೂರಿಸಲು ಹಾಕುವಂಥ ಕಾಂಕ್ರೀಟ್ ಪಾಯ ಹಾಕಿಸಿದರು. ಮಾಕಳಿಯ ಒಂದು ಶೆಡ್ಡಿನಲ್ಲಿ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿದರು. ಅದರ ಮೇಲೆ ತೊಟ್ಟಿ ಇರಲಿ, ಲಾರಿ ನಿಲ್ಲಿಸಬಹುದಿತ್ತು. ಗಾಜಿನ ತೊಟ್ಟಿ ಬಾಗಿಲಲ್ಲಿ ಹಿಡಿಸಲಿಲ್ಲ. ಕಿಟಕಿಯ ಗ್ರಿಲ್ ಕೀಳಿಸಿ, ಮೇಲಿನ ಮಹಡಿಯ ಸಾಫ್ಟ್‌ವೇರ್ ಗಂಡಸರನ್ನೆಲ್ಲ ಕರೆಸಿ ಒಳಗೆ ತಂದರು. "ಸಾರ್, ಜಿಮ್ಮಿಗೆ ಹೋಗೋದು ಉಳೀತು" ಅಂದ ಅವರಲ್ಲೊಬ್ಬ, ಬೆನ್ನು ಹಿಡಿದುಕೊಂಡು.

ತೊಟ್ಟಿಯ ಕೆಳಗೆ, ಸ್ಟ್ಯಾಂಡಿನ ಒಳಗೆ ಇನ್ನೊಂದು ತೊಟ್ಟಿ. ಮೇಲಿನ ನೀರು ಕೆಳಗಿಳಿದು, ಅಲ್ಲಿ ಕೊಳೆಯನ್ನು ನೊರೆ ಮಾಡಿ ತೆಗೆಯುವ ಯಂತ್ರದಲ್ಲಿ ಹಾದು, ಪಂಪಿನಿಂದ ಮತ್ತೆ ಮೇಲಕ್ಕೆ ಹೋಗಬೇಕು. ನೀರು ತಣ್ಣಗಿಡಲು ಚಿಲ್ಲರ್. ಕರೆಂಟ್ ಹೋದರೆ ನಮಗೆ ಫ್ಯಾನ್ ಇಲ್ಲದಿದ್ದರೂ ಅದಕ್ಕೆ ಬೇರೆಯೇ ಯುಪಿಎಸ್. ಪೈಪುಗಳನ್ನು ಜೋಡಿಸಲು ಅಂಗಡಿಯವನು ಪ್ಲಾಸ್ಟಿಕ್ ಜಾಯಿಂಟ್ ಕೊಟ್ಟಿದ್ದ. ಇವರು ಅದನ್ನು ಕೈಯಲ್ಲಿ ಹಿಡಿದು ನಕ್ಕರು. "ಪ್ಲಾಸ್ಟಿಕ್ಕಂತೆ! ಮಕ್ಕಳಾಟಿಕೆ ಕಣೇ ಇದು." ಮಾರದೆ ಉಳಿಸಿಕೊಂಡು ಮನೆಯ ಹಿಂದೆ ಇಟ್ಟಿದ್ದ ಚಿಕ್ಕ ಲೇತಿನ ಮುಂದೆ ನಿಂತು, ಹಿತ್ತಾಳೆಯಲ್ಲಿ ತಾವೇ ಜಾಯಿಂಟುಗಳನ್ನು ಕಡೆದರು. ಒಡವೆಯ ಹಾಗೆ ಹೊಳೆಯುತ್ತಿದ್ದವು. ನನಗೂ ಬಳೆ ಮಾಡಿಕೊಡಿ ಅಂದೆ. ನಿನ್ನ ಕೈ ಅಳತೆಗೆ ಪೈಪ್ ಸಿಗಲ್ಲ ಅಂದರು.

ನಮ್ಮ ಅತ್ತೆ ಇದನ್ನೆಲ್ಲ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ನಾವಿರುವ ಹೂಡಿಯಲ್ಲಿ ಇನ್ನೂ ರಾಗಿ ಬೆಳೆಯುತ್ತಿದ್ದ ಕಾಲಕ್ಕೆ ಈ ಮನೆಗೆ ಸೊಸೆಯಾಗಿ ಬಂದವರು. ಅವರ ಕೈಗುಣಕ್ಕೆ ಊರಲ್ಲಿ ದೊಡ್ಡ ಹೆಸರು. ಯಾರದೇ ಹೊಲವಾಗಲಿ ಮೊದಲ ಹಿಡಿ ಬೀಜ ಇವರ ಕೈಯಿಂದ, ಹೊಸ ಬಾವಿಯಾಗಲಿ ಬೋರ್‌ವೆಲ್ ಆಗಲಿ ಮೊದಲ ಪೂಜೆ ಇವರ ಕೈಯಿಂದ. ಹೊಲಗಳ ಮೇಲೆ ಅಪಾರ್ಟ್‌ಮೆಂಟ್ ಎದ್ದ ಮೇಲೂ ಜನ ಹೊಸ ಸ್ಕೂಟರ್ ತಂದರೆ ಇವರ ಕೈಲೇ ಚಕ್ರಕ್ಕೆ ನಿಂಬೆಹಣ್ಣು ಇಡಿಸುತ್ತಿದ್ದರು. ಅವರಿಗೆ ಅದೊಂದೇ ಹೆಮ್ಮೆ. ಒಡವೆಗಳನ್ನೆಲ್ಲ ಹೆಣ್ಣುಮಕ್ಕಳಿಗೆ ಹಂಚಿಬಿಟ್ಟಿದ್ದರು, ಇದನ್ನು ಮಾತ್ರ ಯಾರಿಗೂ ಕೊಟ್ಟಿರಲಿಲ್ಲ.

ನೀರು ತುಂಬುವ ದಿನ ಅವರು ಮಗನನ್ನು ತಮಾಷೆ ಮಾಡಿದ್ದೇ ಮಾಡಿದ್ದು. "ಕುಡಿಯೋಕ್ ನೀರಿಲ್ಲ ಅಂತ ಟ್ಯಾಂಕರ್ ತರಿಸ್ತಾರೆ. ಇವ್ನು ಆ ನೀರ್ನ ಸೋಸಿ ಸೋಸಿ, ಕೊನೆಗೆ ಉಪ್ಪು ಸುರೀತಾನೆ!" ಅಡುಗೆ ಉಪ್ಪೂ ಅಲ್ಲ, ಬಕೆಟ್ಟುಗಳಲ್ಲಿ ಬಂದ ಸಮುದ್ರದ ಉಪ್ಪು. ಹದ ಸರಿಯಾಗಿದೆಯೋ ಇಲ್ಲವೋ ಅಂತ ನೋಡಲು ಅದಕ್ಕೊಂದು ಉಪಕರಣ. ನನ್ನ ಸಾರಿಗೆ ಉಪ್ಪು ಕಮ್ಮಿ ಅಂತ ಇಷ್ಟು ವರ್ಷ ನಾಲಿಗೆಯಲ್ಲೇ ನೋಡಿ ಹೇಳುತ್ತಿದ್ದ ಮನುಷ್ಯ! ಕಲ್ಲು, ಮರಳು ಎಲ್ಲ ಹಾಕಿಯಾದ ಮೇಲೆ ಮೀನು ಯಾವಾಗ ಅಂತ ಕೇಳಿದರೆ, ಇನ್ನೂ ಎಷ್ಟೋ ವಾರ ಕಾಯಬೇಕು, ನೀರು ಮಾಗಬೇಕು ಅಂದರು. ಮಾಗಲು ಅದೇನು ಮಾವಿನಹಣ್ಣೇ? ಬಂದವರೆಲ್ಲ ಗಾಜಿಗೆ ಮೂಗು ಒತ್ತಿ, "ಎಲ್ಲಿ ಮೀನು?" ಅಂತ ಹುಡುಕಿ ಹೋದರು. ಒಬ್ಬರಂತೂ ಕಲ್ಲನ್ನೇ ಮೀನು ಅಂದುಕೊಂಡು, ಪಾಪ ಮಲಗಿದೆ ಅಂದರು.

ವಾರಗಳು ಕಳೆದವು. ಮೊದಲು ಪಾಚಿ ತಿನ್ನುವ ಬಸವನಹುಳುಗಳೂ ಕೆಂಪು ಪಟ್ಟೆಯ ಪುಟ್ಟ ಸೀಗಡಿಗಳೂ ಬಂದವು. ಅವನ್ನು ತೋರಿಸಲು ಇವರು ಭಾನುವಾರ ನೆಂಟರಿಷ್ಟರನ್ನೂ ಬಾಡಿಗೆಯವರನ್ನೂ ಊಟಕ್ಕೇ ಕರೆದುಬಿಟ್ಟರು. ಜನ ಸೇರಿದಾಗ ನೋಡಿದರೆ, ಹುಳುಗಳು ಗಾಜಿನಿಂದ ಕಳಚಿ ಮರಳಿಗೆ ಬಿದ್ದಿವೆ. ಸೀಗಡಿಗಳು ಅಂಗಾತ ಮಲಗಿವೆ. ಇವರು ನೀರನ್ನು ಗಾಜಿನ ಕೊಳವೆಯಲ್ಲಿ ಹಿಡಿದು, ಒಂದೊಂದೇ ಔಷಧಿಯ ಹನಿ ಹಾಕಿ ಪರೀಕ್ಷೆ ಮಾಡಿದರು. ಕೊನೆಯದರ ಬಣ್ಣ ನೋಡಿ ಅವರ ಮುಖ ಬಿಳಿಚಿಕೊಂಡಿತು. "ತಾಮ್ರ ಇದೆ ನೀರಲ್ಲಿ! ತಾಮ್ರ ಇವಕ್ಕೆ ವಿಷ. ಎಲ್ಲಿಂದ ಬಂತು?"

"ನಾನೇ ಆಕಿದ್ದು ಕಣಪ್ಪ" ಅಂದರು ಅತ್ತೆ ಕುರ್ಚಿಯಿಂದಲೇ, ಸಂತೋಷವಾಗಿ. "ನೀರು ತುಂಬಿದ್ ದಿನ ಗಂಗಮ್ಮಂಗೆ ಅರಿಸಿನ ಕುಂಕುಮ ಇಟ್ಟು, ಒಂದು ಅಳೇ ತಾಮ್ರದ ಕಾಸು ಬಿಟ್ಟೆ. ಒಸಾ ಬಾವಿಗೆ ಬಿಡಲ್ವಾ, ಅಂಗೆ."

ನಮ್ಮ ಮನೆಯವರು ಸಿಡಿದರು. "ನಿಂಗ್ಯಾರವ್ವ ಹೇಳಿದ್ದು ಕೈ ಹಾಕೋಕೆ? ನೀನು ಕೈ ಇಟ್ಟಿದ್ದಕ್ಕೇ ಎಲ್ಲಾ ಸತ್ತೋಯ್ತು!"

ಹಾಲ್‌ನಲ್ಲಿ ಅಷ್ಟು ಜನ. ಅತ್ತೆ ತಮ್ಮ ಎರಡೂ ಕೈಗಳನ್ನು ಸೆರಗಿನ ಒಳಗೆ ಇಟ್ಟುಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು. ಅವರು ನನ್ನ ಗಂಡ ಅನ್ನುವುದನ್ನು ಮರೆತು ನಾಲ್ಕು ಮಾತು ಅಂದೇ ಅಡುಗೆಮನೆಗೆ ಹೋದೆ.

ಅವತ್ತಿನಿಂದ ಅತ್ತೆ ಯಾವುದನ್ನೂ ಮೊದಲು ಮುಟ್ಟಲಿಲ್ಲ. ಕುಂಡದಲ್ಲಿ ಕೊತ್ತಂಬರಿ ಬೀಜ ಹಾಕಿ ಅಂದರೆ, ನೀನೇ ಆಕು ಅಂದರು. ಮೇಲಿನ ಮನೆಯ ಹುಡುಗಿ ತನ್ನ ಮಗುವಿಗೆ ಮೊದಲ ತುತ್ತು ತಿನ್ನಿಸಿ ಅಂತ ಎತ್ತಿಕೊಂಡು ಬಂದಳು. ಅತ್ತೆ ಮಗುವಿನ ಮುಖವನ್ನೇ ನೋಡುತ್ತಾ, "ನನ್ ಕೈ ಬ್ಯಾಡ ಕಣವ್ವ" ಅಂದರು. ಅವರು ಹಾಗಂದಾಗ ನನಗೆ ಕಣ್ಣೀರು ತಡೆಯಲಾಗಲಿಲ್ಲ.

ಇತ್ತ ಇವರು ಕಾಸು ತೆಗೆದು, ಮರಳು ಕಲ್ಲು ಬದಲಾಯಿಸಿ, ಹೊಸದಾಗಿ ಉಪ್ಪುನೀರು ತುಂಬಿದರು. ಮೊದಲು ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ದಿನ ಕಳೆದಂತೆ ಮತ್ತೆ ಅದೇ ಬಣ್ಣ. ಈ ಸಲ ಬೈಯಲು ಯಾರೂ ಸಿಗಲಿಲ್ಲ. ಟಾರ್ಚ್ ಹಿಡಿದು ಸ್ಟ್ಯಾಂಡಿನ ಒಳಗೆ ತೂರಿದವರು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಸಿಕ್ಕಿಹಾಕಿಕೊಂಡರೇನೋ ಅಂತ ಬಗ್ಗಿ ನೋಡಿದೆ. ಅವರು ತಮ್ಮ ಹಿತ್ತಾಳೆ ಜಾಯಿಂಟುಗಳ ಮುಂದೆ ಕೂತಿದ್ದರು. ಒಂದೊಂದಕ್ಕೂ ಹಸಿರು ಕಿಲುಬು ಹಿಡಿದಿತ್ತು.

"ಹಿತ್ತಾಳೇಲಿ ತಾಮ್ರ ಇರುತ್ತಲ್ಲೇ" ಅಂದರು, ನನ್ನ ಕಡೆ ನೋಡದೆ. "ಜೀವನ ಪೂರ್ತಿ ಹಿತ್ತಾಳೆ ಕಡೆದಿದ್ದೀನಿ."

ನನಗೂ ಹೊಳೆದಿರಲಿಲ್ಲ ನೋಡಿ. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಉಪ್ಪಿನಕಾಯಿ ಇಟ್ಟರೆ ಬಾಯಿಗೆ ಬಂದ ಹಾಗೆ ಬೈಯುವವಳು ನಾನು. ಆ ಕಾಸಿನಿಂದ ಎಷ್ಟು ತಾಮ್ರ ಬಿಟ್ಟಿತ್ತೋ, ಆದರೆ ಹಗಲೂ ರಾತ್ರಿ ನೀರು ಹರಿಯುತ್ತಿದ್ದದ್ದು ಇವರು ಕಡೆದ ಹಿತ್ತಾಳೆಯ ಒಳಗೆ.

ಇವರು ಎದ್ದು ಅತ್ತೆಯ ಕೋಣೆಗೆ ಹೋದರು. ನಾನೂ ಹಿಂದೆಯೇ ಹೋದೆ. "ಅವ್ವ, ನಿನ್ ಕಾಸಲ್ಲ. ನಾನು ಮಾಡಿದ್ ಹಿತ್ತಾಳೆಯಿಂದ ಆಗಿದ್ದು. ತಪ್ಪಾಯ್ತು."

ಅತ್ತೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಬೈದಾಗ ಮನೆ ತುಂಬ ಜನ ಇದ್ರು" ಅಂದರು. "ಈಗ ಒಬ್ನೇ ಬಂದಿದೀಯ."

ಮತ್ತೆ ಒಂದು ಭಾನುವಾರ, ಮತ್ತೆ ಅದೇ ಜನ. ಕರೆಯುವಾಗ ಒಬ್ಬರನ್ನೂ ಬಿಡಬೇಡ ಅಂತ ಅತ್ತೆಯೇ ಮಗನಿಗೆ ಹೇಳಿದ್ದರು. ಪೈಪುಗಳಿಗೆಲ್ಲ ಈಗ ಪ್ಲಾಸ್ಟಿಕ್ ಜಾಯಿಂಟ್. ತೊಟ್ಟಿಯಲ್ಲಿ ಅವತ್ತು ನೀರು, ಕಲ್ಲು ಬಿಟ್ಟರೆ ಏನೂ ಇರಲಿಲ್ಲ. ಬಂದವರು ಅಭ್ಯಾಸದಂತೆ ಮೂಗು ಒತ್ತಿ ನೋಡಿ ಕೂತರು. ನಮ್ಮ ಮನೆಯವರು ಗಾಜಿಗೆ ಬೆನ್ನು ಹಾಕಿ ನಿಂತು, ಪಾಠ ಒಪ್ಪಿಸುವವರ ಹಾಗೆ ಏನೋ ಗೊಣಗಿದರು.

"ಜೋರಾಗಿ" ಅಂದರು ಅತ್ತೆ. "ಇಂದೆ ಕೂತಿರೋರ್ಗೆ ಕೇಳ್ಬೇಕು."

"ಅವತ್ತು ಅವ್ವನ ಕೈಯಿಂದ ಸತ್ತೋಯ್ತು ಅಂದೆ. ಅವ್ವನ ಕೈ ಅಲ್ಲ, ನಂದು. ಪೈಪಿಗೆ ಹಿತ್ತಾಳೆ ಹಾಕಿ ಕೊಂದಿದ್ದು ನಾನು." ತಮ್ಮ ಅಂಗೈಗಳನ್ನೇ ನೋಡಿಕೊಂಡರು. "ಶಾಪ್ ಮುಚ್ಚಿದೆ, ಈಗ ಇದೂ ಹೋಯ್ತು. ನನ್ ಕೈಯೇ ಸರಿಯಿಲ್ಲ."

ಅತ್ತೆ ಕುರ್ಚಿಯಿಂದ ಎದ್ದರು. ಯಾರು ಹಿಡಿಯಲು ಹೋದರೂ ಬೇಡ ಅಂದು, ತಾವೇ ನಡೆದು ಮಗನ ಹತ್ತಿರ ಬಂದರು. ಲೇತಿನ ಗಾಯಗಳೇ ತುಂಬಿದ್ದ ಆ ಕೈಯನ್ನು ಹಿಡಿದುಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಇದೂ ನನ್ ಒಟ್ಟೇಲಿ ಉಟ್ಟಿದ್ ಕೈಯೇ ಕಣೋ. ಇದುನ್ನ ಕೆಟ್ಟದ್ದು ಅನ್ಬ್ಯಾಡ."