ಫೋನಿನಲ್ಲಿ ಬರುತ್ತಿದ್ದ ಹೊಳೆ

ಅವ್ವ ತೀರಿಕೊಂಡ ಮೇಲೆ ನನಗೆ ಮಧ್ಯಾಹ್ನದ ಹೊತ್ತು ಆಗಿಬರದಂತಾಯಿತು. ಮನೆಯಲ್ಲಿ ಯಾರೂ ಇಲ್ಲದಾಗ ಕಾರಣವಿಲ್ಲದೆ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಅಂಗೈ ತಣ್ಣಗಾಗುತ್ತಿತ್ತು. ಹಾವೇರಿಯ ಡಾಕ್ಟರು ಗುಳಿಗೆ ಬರೆದುಕೊಟ್ಟು, ಫೋನಿಗೆ ಒಂದು ಆ್ಯಪ್ ಹಾಕಿಸಿದರು. ನೀರಿನ ಸದ್ದು ಕೇಳುತ್ತಾ ಉದ್ದಕ್ಕೆ ಉಸಿರೆಳೆದುಕೊಳ್ಳಬೇಕಂತೆ. ಅದೂ ನಾನಿರುವ ಬ್ಯಾಡಗಿಯಲ್ಲಿ, ಮೆಣಸಿನಕಾಯಿ ಸೀಜನ್ನಿನಲ್ಲಿ! ಓಣಿ ತುಂಬ ಘಾಟು. ಮೊದಲ ದಿನವೇ ಕಣ್ಣು ಮುಚ್ಚಿ ಎದೆ ತುಂಬ ಉಸಿರೆಳೆದವಳು ಬಹಳ ಹೊತ್ತು ಬರೀ ಸೀನಿದೆ. ಆ್ಯಪಿನ ನೀರೂ ಅಷ್ಟೆ, ಯಾರೋ ನಳ ಬಂದ್ ಮಾಡದೆ ಬಿಟ್ಟಂತೆ ಕೇಳುತ್ತಿತ್ತು. ಎದ್ದುಹೋಗಿ ಬಚ್ಚಲು ನೋಡಿ ಬಂದೆ.

ಮೇಡ್ಲೇರಿಯಲ್ಲಿ ಹೊಲ ನೋಡಿಕೊಂಡಿರುವ ನನ್ನ ಅಣ್ಣ ಇದನ್ನು ಕೇಳಿ ನಕ್ಕ.

"ಅದ್ಯಾವ ಊರ ನೀರೋ ಏನೋ. ತಡಿ, ನಮ್ಮ ಹೊಳೀದs ಕಳಸ್ತೇನಿ."

ಅಂದಿನಿಂದ ದಿನಾ ಬೆಳಿಗ್ಗೆ ತುಂಗಭದ್ರೆಯ ದಂಡೆಯ ಕಲ್ಲಿನ ಮೇಲೆ ಫೋನಿಟ್ಟು, ಸದ್ದು ಹಿಡಿದು ಕಳಿಸತೊಡಗಿದ. ಮಧ್ಯಾಹ್ನ ಚಾಪೆಯ ಮೇಲೆ ಮಲಗಿ ಕಿವಿಗೆ ಹಚ್ಚಿಕೊಳ್ಳುತ್ತಿದ್ದೆ. ನೀರು ಕಲ್ಲನ್ನು ಸವರಿಕೊಂಡು ಹೋಗುವುದು, ದೂರದ ಪಂಪ್‌ಸೆಟ್ಟು, ಬಟ್ಟೆ ಒಗೆಯುವ ಹೆಂಗಸರ ಮಾತು. ಕೇಳುತ್ತಾ ಹೋದಂತೆ ಗೋಡೆ, ಓಣಿ, ಘಾಟು ಎಲ್ಲ ಕರಗಿ, ನಾನು ಮೊಣಕಾಲುದ್ದ ನೀರಿನಲ್ಲಿ ನಿಂತಿರುತ್ತಿದ್ದೆ. ಪಕ್ಕದಲ್ಲಿ ಸೀರೆ ಎತ್ತಿಕಟ್ಟಿದ ಅವ್ವ. ಸುಮ್ಮನೆ ಜೊತೆಗೆ ನಿಂತಿರುತ್ತಿದ್ದಳು. ಎದೆ ತಾನಾಗಿ ಹದಕ್ಕೆ ಬರುತ್ತಿತ್ತು.

ಬೇಸಿಗೆ ಬಲಿಯಿತು. ಒಗೆಯುವ ಹೆಂಗಸರಲ್ಲಿ ಒಬ್ಬಳು ಕೆಮ್ಮುತ್ತಿದ್ದಳು. ಮರುದಿನವೂ ಕೆಮ್ಮಿದಳು, ಅದೇ ಮಾತಿನ ನಡುವೆ, ಅದೇ ಜಾಗದಲ್ಲಿ. ಅದರ ಮರುದಿನವೂ. ಅಣ್ಣನಿಗೆ ಫೋನು ಮಾಡಿದೆ.

"ಆ ಹೆಣ್ಮಗಳ ಕೆಮ್ಮು ಇನ್ನೂ ಕಡಿಮಿ ಆಗಿಲ್ಲೇನೋ ಅಣ್ಣಾ?"



"ಹೊಳಿ ಬತ್ತೇತಿ, ತಂಗಿ. ಸದ್ದs ಇಲ್ಲ. ನೀ ಈಗ ಒಂದೀಟು ಸುಧಾರಿಸಿದ್ದಿ, ಮತ್ತ ಹಾಸಿಗಿ ಹಿಡದಿ ಅಂದ್ರ ಏನ್ ಮಾಡ್ಲಿ? ಹಳೇದನ್ನ ಕಳಸಾಕತ್ತಿದ್ದೆ."

ಸಿಟ್ಟು ಬಂತು, ದುಃಖವೂ ಬಂತು. ಬತ್ತಿದ ಹೊಳೆಯ ಮೇಲೆ ನಾನು ಹಾಯಾಗಿ ತೇಲುತ್ತಿದ್ದೆನಲ್ಲ.

"ನಂಗ ಆರಾಮಿಲ್ಲದಾಗ ಹೊಳಿ ಬಂತು. ಹೊಳಿಗೆ ಆರಾಮಿಲ್ಲ ಅಂದ್ರ ನಾ ಕೇಳಬಾರದೇನು? ಇದ್ದದ್ದು ಇದ್ದಂಗ ಕಳಸು."

ಮರುದಿನ ಕಳಿಸಿದ. ಮೊದಲು ಬರೀ ಗಾಳಿ. ಉಸುಕಿನಲ್ಲಿ ಅವನ ಚಪ್ಪಲಿಯ ಸದ್ದು, ಆಮೇಲೆ ಅವನು ಕುಳಿತದ್ದು. ಫೋನು ಬಂದ್ ಮಾಡುವುದನ್ನು ಮರೆತಿರಬೇಕು. ಬಹಳ ಹೊತ್ತಿನ ಮೇಲೆ ಒಂದು ಬಿಕ್ಕು ಕೇಳಿಸಿತು, ಅದರ ಹಿಂದೆ ಇನ್ನೊಂದು. ಅವ್ವನನ್ನು ಮಣ್ಣು ಮಾಡಿದ ದಿನ ಬಂದವರಿಗೆಲ್ಲ ಸಮಾಧಾನ ಹೇಳುತ್ತಾ ನಿಂತಿದ್ದ ನಮ್ಮ ಅಣ್ಣ, ನೀರಿಲ್ಲದ ಹೊಳೆಯ ನಡುವೆ ಕುಳಿತು ಅಳುತ್ತಿದ್ದ.

ಎದೆ ಡವಡವ ಅನ್ನುತ್ತಲೇ ಇತ್ತು. ಹಾಗೇ ಸೀರೆ ಬದಲಿಸಿ, ಬೀಗ ಹಾಕಿ, ಮೇಡ್ಲೇರಿಗೆ ಹೋಗಲು ರಾಣೆಬೆನ್ನೂರಿನ ಬಸ್ಸು ಹತ್ತಿದೆ.